ಪರವಾಗಿ ಹೊದ್ದ ಶಾಲುಗಳು

‘ಆಗೋ ಮಾತಲ್ಲ’ ಎಂದವರು ನನ್ನ ಸೋದರಮಾವ. ಒಂದಲ್ಲ, ಎರಡು ವಿಷಯಕ್ಕೆ ಈ ಮಾತು ಹೇಳಿದ್ದರು. ನಮ್ಮ ಮನೆಯಲ್ಲಿ ಒಬ್ಬರು ಡಿಗ್ರಿ ಮುಗಿಸುವುದು ಆಗೋ ಮಾತಲ್ಲ. ನಮ್ಮ ಪಿ.ಟಿ. ಮೇಡಂ ಹೆಸರಿನಲ್ಲಿ ಒಂದು ಸರ್ಟಿಫಿಕೇಟು ಬರುವುದು ಆಗೋ ಮಾತಲ್ಲ. ಮೊದಲನೆಯದನ್ನು ನಾನು ಸುಳ್ಳು ಮಾಡಿದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು, ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಎರಡನೆಯದರ ಬಗ್ಗೆ ಬರೆಯಲು ಈಗ ಕೂತಿದ್ದೇನೆ.

ಕಳೆದ ಭಾನುವಾರ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ಅಂಗಡಿಯಲ್ಲಿ ನಿಂತಿದ್ದೆ. ಶಾಲು, ಹಾರ, ಪೇಟ, ಶೀಲ್ಡು, ಹೀಗೆ ಸನ್ಮಾನಕ್ಕೆ ಬೇಕಾದದ್ದೆಲ್ಲ ಮಾರುವ ಅಂಗಡಿ. ಮಾಲೀಕರು ನನ್ನ ಎದುರಿಗೇ ಒಂದು ಹೊಸ ಶಾಲಿನ ಕವರ್ ಹರಿದು, ಅದನ್ನು ಕೊಡವಿದರು. ಪ್ಲಾಸ್ಟಿಕ್ಕು, ಗಂಜಿ, ಹಸಿ ಬಣ್ಣ ಎಲ್ಲ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ... ಹರಿಹರದ ಹೊಳೆ ಕಡೆಯಿಂದ ಬೀಸುವ ಬೆಳಗಿನ ಗಾಳಿ, ಬೆವರಿ ನಡುಗುತ್ತಾ ನಿಂತ ನಾವು ಹುಡುಗಿಯರು, ನಮ್ಮ ಹೆಗಲ ಮೇಲೆ ಇಂಥವೇ ಜರಿಯಂಚಿನ ಶಾಲುಗಳು... ಎಲ್ಲ ಕಣ್ಣ ಮುಂದೆ ಬಂದವು. ಆ ಅಂಗಡಿಗೆ ಯಾಕೆ ಹೋಗಿದ್ದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಮನೆ ಗುತ್ತೂರು. ಅವ್ವ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅಪ್ಪ ಇರಲಿಲ್ಲ, ಅವ್ವನ ಅಣ್ಣನೇ ನಮಗೆ ದಿಕ್ಕು. ಆ ಮಾವನಿಗೆ ದಾವಣಗೆರೆಯ ಸ್ಟೇಡಿಯಂನಲ್ಲಿ ಕೆಲಸ. ಟ್ರ್ಯಾಕಿನ ಮೇಲೆ ಸುಣ್ಣದ ಗೆರೆ ಹಾಕುವುದು, ಹರ್ಡಲ್ಸ್ ಹೊತ್ತು ಇಡುವುದು, ಕೂಟ ಮುಗಿದ ಮೇಲೆ ಕಸ ಗುಡಿಸುವುದು. ನಾನು ಸೈಕಲ್ ತುಳಿದುಕೊಂಡು ಹರಿಹರದ ಹೈಸ್ಕೂಲಿಗೆ ಹೋಗುತ್ತಿದ್ದೆ.

ಅಲ್ಲಿ ಮೇಡಂ ನಮಗೆ ಪಿ.ಟಿ. ಟೀಚರ್. ಊರಿನವರ ಬಾಯಲ್ಲಿ ಮಾತ್ರ ಅವರು ಟೀಚರ್ ಅಲ್ಲ, ‘ಅವರ ಅಕ್ಕ’. ಯಾರ ಅಕ್ಕ ಎಂದು ಯಾರೂ ಬಿಡಿಸಿ ಕೇಳುತ್ತಿರಲಿಲ್ಲ. ಮೇಡಂ ಅವರ ತಂಗಿ ದೇಶದ ಪರ ಓಡಿ ಪದಕ ತಂದವರು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಅವರು ಗೆಲುವಿನ ಟೇಪು ಹರಿಯುತ್ತಿರುವ ಚಿತ್ರವನ್ನು ಊರಿನವರು ಬರೆಸಿದ್ದರು. ಬಣ್ಣ ಹಾರಿ ಮುಖ ಮಾಸಿದ್ದರೂ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ ಉಳಿದಿತ್ತು. ಅವರಿಗೆ ದೂರದ ಊರಿನಲ್ಲಿ ಸರ್ಕಾರಿ ನೌಕರಿ, ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ಆದರೆ ಸನ್ಮಾನಗಳು ವರ್ಷಕ್ಕೊಮ್ಮೆ ಬರುತ್ತಿರಲಿಲ್ಲ. ಹರಿಹರ, ದಾವಣಗೆರೆ ಎರಡೂ ಊರಿನಲ್ಲಿ ಸಂಘಗಳಿಗೇನು ಬರವೇ? ವರ್ತಕರ ಸಂಘ, ಮಹಿಳಾ ಸಂಘ, ಗೆಳೆಯರ ಬಳಗ, ವಾರ್ಷಿಕೋತ್ಸವ, ರಾಜ್ಯೋತ್ಸವ. ಕರಪತ್ರದಲ್ಲಿ ತಂಗಿಯ ಹೆಸರು, ಫೋಟೊ ಮೊದಲೇ ಅಚ್ಚಾಗಿಬಿಡುತ್ತಿತ್ತು. ಅವರು ಬರುವುದಿಲ್ಲ ಎಂದು ಗೊತ್ತಾಗುವುದು ಆಮೇಲೆ. ಆಗ ಮೇಡಂ ಮನೆಗೆ ಯಾರಾದರೂ ಬೈಕ್ ಮೇಲೆ ಬಂದು, ‘ನೀವೇ ಬಂದುಬಿಡ್ರಿ ಮೇಡಂ, ಮನೆಯೋರು ಅಂತ ಒಬ್ಬರು ಇದ್ರಾತು’ ಎನ್ನುತ್ತಿದ್ದರು. ಮೇಡಂ ಹೋಗುತ್ತಿದ್ದರು. ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂರಿಸಿ, ತಂಗಿಯ ಸಾಧನೆಯನ್ನೆಲ್ಲ ಮೈಕಿನಲ್ಲಿ ಓದಿ, ‘ಅವರ ಪರವಾಗಿ ಅವರ ಅಕ್ಕನವರು ಸ್ವೀಕರಿಸಬೇಕೆಂದು ಕೋರುತ್ತೇವೆ’ ಎಂದು ಶಾಲು ಹೊದಿಸುತ್ತಿದ್ದರು. ಚಪ್ಪಾಳೆ. ಒಂದು ಫೋಟೊ. ಮರುದಿನ ಬೆಳಿಗ್ಗೆ ಆ ಶಾಲು ನಮ್ಮ ಗ್ರೌಂಡಿಗೆ ಬರುತ್ತಿತ್ತು.

ಓಡಿ ಬಂದವರ ಬೆವರು ಆರುವಾಗ ಚಳಿ ಹಿಡಿಯಬಾರದು ಎಂದು ಮೇಡಂ ಒಂದೊಂದು ಶಾಲು ಹೊದಿಸುತ್ತಿದ್ದರು. ನಮಗೆ ಅದೇ ಒಂದು ಹಬ್ಬ.

‘ಮೇಡಂ, ಇದು ಯಾರದ್ರೀ?’

‘ಕಿರಾಣಿ ವರ್ತಕರದ್ದು. ಸುಮ್ನೆ ಹೊದ್ಕೊ.’

‘ಆವತ್ತಿಂದಕ್ಕಿಂತ ಇದು ಮೆತ್ತಗೈತ್ರೀ.’

‘ಹಂಗಾದ್ರೆ ಮುಂದಿನ ಸಲ ಅವರಿಗೇ ಹೇಳ್ತೀನಿ ಬಿಡು, ನಮ್ಮ ಗುತ್ತೂರಿಗೆ ಒಗ್ಗಂಗೆ ತರ್ರಿ ಅಂತ.’

ನಮ್ಮನ್ನೆಲ್ಲ ಅವರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ನಾನು ‘ಗುತ್ತೂರು’. ಮನೆಯಲ್ಲಿ ಇಡಲು ಜಾಗವಿಲ್ಲದ ಶೀಲ್ಡುಗಳೂ ಗ್ರೌಂಡಿಗೇ ಬರುತ್ತಿದ್ದವು. ಲೇನಿನ ಅಂಚಿಗೆ ಅವುಗಳನ್ನು ಸಾಲಾಗಿ ಇಟ್ಟು ಗುರುತು ಮಾಡುತ್ತಿದ್ದರು. ಮೂವತ್ತು ಮೀಟರಿನ ಗುರುತಿಗೆ ಎಲ್ಲಕ್ಕಿಂತ ದೊಡ್ಡ ಶೀಲ್ಡು, ಅದರ ಮೇಲೆ ತಂಗಿಯ ಹೆಸರು ಬಂಗಾರದ ಬಣ್ಣದಲ್ಲಿ. ಒಮ್ಮೆ ಅದನ್ನು ತೋರಿಸಿ, ‘ಅಲ್ಲೀ ತನಕ ನಂದು, ಅಲ್ಲಿಂದ ಮುಂದೆ ಆಕಿದು’ ಎಂದಿದ್ದರು. ಆಗ ನಮಗೆ ಅರ್ಥವಾಗಿರಲಿಲ್ಲ. ಅಕ್ಕತಂಗಿಯರು ಚಿಕ್ಕವರಿದ್ದಾಗ ಜೋಡಿ ಓಡುತ್ತಿದ್ದರಂತೆ. ಮೊದಲ ಮೂವತ್ತು ಮೀಟರಿನಲ್ಲಿ ತಂಗಿಗೆ ಅಕ್ಕನ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲವಂತೆ. ಅಲ್ಲಿಂದ ಮುಂದೆ ತಂಗಿಯ ಉದ್ದ ಕಾಲು ಗೆಲ್ಲುತ್ತಿತ್ತು.

ಅದಕ್ಕೇ ಏನೋ, ಮೇಡಂ ನಮಗೆ ಕಲಿಸಿದ್ದೆಲ್ಲ ಓಟದ ಗೆರೆಯಿಂದ ಏಳುವುದನ್ನೇ. ಎರಡು ಮರದ ಹಲಗೆ ಕೈಯಲ್ಲಿ ಹಿಡಿದು ಹಿಂದೆ ನಿಲ್ಲುತ್ತಿದ್ದರು. ‘ಸೆಟ್’ ಎಂದ ಮೇಲೆ ಗುಂಡಿನ ಸದ್ದಿನ ಬದಲಿಗೆ ಆ ಹಲಗೆಗಳನ್ನು ಯಾವಾಗ ಬಡಿಯುತ್ತಾರೋ ಗೊತ್ತಿಲ್ಲ. ಬೆರಳ ತುದಿ ಮಣ್ಣಿಗೆ ಊರಿ ಕಾಯುತ್ತಿದ್ದೆವು.

‘ಸದ್ದು ಕೇಳಿ ಆಮೇಲೆ ಏಳೋಣ ಅಂತ ಕಾಯಬ್ಯಾಡ. ಕಾದೋರು ಹಿಂದೆ ಬೀಳ್ತಾರೆ. ಹಂಗಂತ ಮುಂಚೆನೂ ಏಳಬ್ಯಾಡ.’

‘ಮತ್ತೆ ಯಾವಾಗ ಏಳಬೇಕ್ರೀ ಮೇಡಂ?’

‘ಅದನ್ನೇ ನಾನೂ ಹುಡುಕ್ತಿದೀನಿ ಕಣವ್ವ.’

ಈ ಮಾತಿನ ಹಿಂದೆ ಒಂದು ಕಥೆ ಇತ್ತು. ಅದನ್ನು ನಾನು ಮೊದಲು ಕೇಳಿದ್ದು ಮಾವನ ಬಾಯಲ್ಲಿ. ಅಕ್ಕತಂಗಿ ಇಬ್ಬರೂ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ದಾವಣಗೆರೆಗೆ ಬಂದಿದ್ದರಂತೆ. ಒಂದೇ ಓಟ, ಪಕ್ಕಪಕ್ಕದ ಲೇನು. ಆ ಗೆರೆ ಹಾಕಿದ್ದು ಮಾವನೇ. ಅಕ್ಕ ಗುಂಡಿನ ಸದ್ದಿಗೆ ಮೊದಲೇ ಎದ್ದುಬಿಟ್ಟರು. ಎಚ್ಚರಿಕೆ ಕೊಟ್ಟರು. ಎರಡನೇ ಸಲವೂ ಎದ್ದರು. ಕೆಂಪು ಬಾವುಟ ತೋರಿಸಿ ಹೊರಗೆ ಕಳಿಸಿದರು. ತಂಗಿ ಆಯ್ಕೆಯಾದರು.

‘ಬೇಕಂತ್ಲೇ ಎದ್ಲು ಆಯಮ್ಮ’ ಎನ್ನುತ್ತಿದ್ದರು ಮಾವ, ಕಣ್ಣಲ್ಲಿ ನೀರು ತಂದುಕೊಂಡು. ‘ತಂಗಿ ದಾರಿಗೆ ಅಡ್ಡ ಬರಬಾರದು ಅಂತ. ಅದಕ್ಕೆ ಅಂತಾರೆ ನೋಡು ಒಡಹುಟ್ಟು ಅಂತ.’

ಈ ಕಥೆಯನ್ನು ಮಾವ ಸ್ಟೇಡಿಯಂಗೆ ಬಂದವರಿಗೆಲ್ಲ ಹೇಳಿದ್ದರು. ಸನ್ಮಾನದ ಭಾಷಣಗಳಲ್ಲೂ ಅದು ಸೇರಿಕೊಂಡಿತ್ತು. ನನಗೂ ಬಹಳ ಹಿಡಿಸಿತ್ತು. ಒಂದು ಬೆಳಿಗ್ಗೆ ಬುದ್ಧಿಯಿಲ್ಲದೆ ಬಾಯಿ ಬಿಟ್ಟೆ. ‘ಮೇಡಂ, ತಂಗಿಗೋಸ್ಕರ ನೀವು ಓಟನೇ ಬಿಟ್ಟುಕೊಟ್ರಂತೆ...’

ಹಲಗೆ ಎರಡನ್ನೂ ಅವರು ನೆಲಕ್ಕೆ ಎಸೆದರು. ಅಷ್ಟು ಸಿಟ್ಟು ನಾನು ಅವರಲ್ಲಿ ಕಂಡಿರಲಿಲ್ಲ.

‘ಯಾರಂದ್ರು ನಿಂಗೆ? ನಿಮ್ಮ ಮಾವನಾ? ಬಿಟ್ಟುಕೊಡಾಕೆ ನಾನೇನು ಬಸ್ಸಿನಾಗೆ ಸೀಟು ಹಿಡಿದಿದ್ನಾ? ಗೆಲ್ಲಾಕೆ ಹೋಗಿದ್ದೆ ಕಣೇ! ಪಕ್ಕದ ಲೇನಿನಾಗೆ ನಮ್ಮ ತಂಗಿ ಇದ್ಲು, ಆಕಿನ್ನ ಸೋಲಿಸಾಕೇ ಹೋಗಿದ್ದೆ. ಕಾಲು ತಡೀಲಿಲ್ಲ, ಎದ್ದೆ. ಎರಡನೇ ಸಲನೂ ತಡೀಲಿಲ್ಲ. ಅಷ್ಟೇ. ಗೆದ್ದಿದ್ದೆಲ್ಲ ಆಕಿ ಹೆಸರಿಗೆ ಹೋತು, ಹೋಗ್ಲಿ, ಆಕಿ ಓಡಿದ್ಲು. ನಾನು ಸೋತಿದ್ದಾದ್ರೂ ನನ್ನ ಹೆಸರಿಗೆ ಇರ್ಲಿ ಅಂದ್ರೆ, ಅದನ್ನೂ ತ್ಯಾಗ ಅಂತ ಮಾಡಿ ಆಕಿಗೇ ಕೊಟ್ಟುಬಿಟ್ರಲ್ಲೇ ನೀವೆಲ್ಲ!’

ಸ್ವಲ್ಪ ಹೊತ್ತಿಗೆ ತಾವೇ ಬಗ್ಗಿ ಹಲಗೆ ಎತ್ತಿಕೊಂಡು, ಮಣ್ಣು ಒರೆಸಿ, ‘ಸಾಲಿಗೆ ನಿಲ್ರಿ’ ಎಂದರು. ಮರುವರ್ಷ ಮತ್ತೆ ಆಯ್ಕೆಗೆ ಯಾಕೆ ಹೋಗಲಿಲ್ಲ ಎಂದು ಕೇಳುವ ಧೈರ್ಯ ನನಗೆ ಬಂದದ್ದು ಎಷ್ಟೋ ಕಾಲದ ಮೇಲೆ. ಅವರ ಅಪ್ಪ ಹೇಳಿದ್ದರಂತೆ, ‘ಮನ್ಯಾಗೆ ಓಡಾಕೆ ಒಬ್ಬಳು ಸಾಕು. ನೀನು ನಿಲ್ಲೋದು ಕಲಿ.’

ನಾನು ಓಟದಲ್ಲಿ ಹೇಳಿಕೊಳ್ಳುವಂಥದ್ದೇನೂ ಸಾಧಿಸಲಿಲ್ಲ. ಓದಿನಲ್ಲಿ ಬಿದ್ದು ಎದ್ದು ದಾವಣಗೆರೆಯ ಕಾಲೇಜಿನಲ್ಲಿ ಬಿ.ಎ. ಮುಗಿಸಿದೆ. ಒಮ್ಮೆ ಇಂಗ್ಲಿಷಿನಲ್ಲಿ ಫೇಲಾಗಿ ಬಂದಾಗ ಮಾವ, ‘ನಾ ಹೇಳ್ಲಿಲ್ಲೇನು? ನಮ್ಮ ಮನೆ ನೆತ್ತಿಗೆ ಆ ಟೋಪಿ ಕೂಡಂಗಿಲ್ಲ’ ಎಂದಿದ್ದರು. ಮೇಡಂ ಮಾತ್ರ, ‘ಎಚ್ಚರಿಕೆ ಕೊಟ್ಟಾರೆ ಅಷ್ಟೇ, ಹೊರಗೆ ಹಾಕಿಲ್ಲ. ಮತ್ತೆ ಕೂಡು’ ಎಂದರು. ಕೂತೆ, ಪಾಸಾದೆ. ಕಾಲೇಜಿನಲ್ಲಿ ಪದವಿ ಪ್ರದಾನ ಸಮಾರಂಭ ಎಂದಾಗ, ಆಮೇಲೆ ಕೌಂಟರಿನಲ್ಲಿ ಇಸಿದುಕೊಂಡರಾಯಿತು ಎಂದುಕೊಂಡಿದ್ದೆ. ಮೇಡಂ ಫೋನಿನಲ್ಲೇ ಗದರಿದರು. ‘ಮೆಟ್ಟಿಲು ಹತ್ತಿ ಇಸ್ಕೊ. ನಿನ್ನ ಹೆಸರು ಮೈಕಿನಾಗೆ ಕೂಗ್ಲಿ, ನೀನೇ ಎದ್ದು ಹೋಗು. ಬ್ಯಾರೆಯೋರು ನಿನ್ನ ಪರವಾಗಿ ಹೋಗಬಾರದು.’ ಅವತ್ತು ಅವರೂ ಬಂದಿದ್ದರು. ಹಿಂದಿನ ಸಾಲಿನಲ್ಲಿ ಅವ್ವನ ಪಕ್ಕ ಕೂತಿದ್ದರು. ಕೆಳಗಿಳಿದು ಬಂದಾಗ ಚೀಲದಿಂದ ಹಸಿರು ಶಾಲೊಂದನ್ನು ತೆಗೆದು ನನಗೆ ಹೊದಿಸಿ, ‘ಇದು ಯಾವ ಸಂಘದ್ದೂ ಅಲ್ಲ, ನಾನೇ ತಂದಿದ್ದು’ ಎಂದರು. ಆ ಶಾಲು ಈಗಲೂ ನನ್ನ ಹತ್ತಿರ ಇದೆ.

ನಾನು ಬಿ.ಎಡ್. ಓದುತ್ತಿದ್ದಾಗ ಆ ಸುದ್ದಿ ಬಂತು. ದಾವಣಗೆರೆಯ ಒಂದು ಸಂಘ ಹಿರಿಯರ ಕ್ರೀಡಾಕೂಟ ನಡೆಸುತ್ತಿತ್ತು. ಮೇಡಂ ನೂರು ಮೀಟರಿಗೆ ಹೆಸರು ಕೊಟ್ಟಿದ್ದರು. ನನ್ನೊಬ್ಬಳಿಗೆ ಹೇಳಿದ್ದರು, ತಂಗಿಗೂ ಹೇಳಿರಲಿಲ್ಲ.

‘ಯಾಕ್ರೀ ಮೇಡಂ ಈಗ?’ ಎಂದೆ.

‘ಮನೆ ತುಂಬ ಶಾಲು, ಶೀಲ್ಡು. ಒಂದ್ರಾಗೂ ನಾನಿಲ್ಲ. ಒಂದೇ ಒಂದು ಹಾಳೆ ಬೇಕು ನಂಗೆ, ನನ್ನ ಹೆಸರಿಂದು. ಸತ್ತ ಮ್ಯಾಲೆ ನೋಡಿದೋರಿಗೆ ಈಕಿನೂ ಓಡ್ತಿದ್ಲು ಅಂತ ಗೊತ್ತಾಗ್ಬೇಕು.’

ಮಾವನಿಗೆ ಹೇಳಿದೆ. ಅವರು ಸುಣ್ಣದ ಡಬ್ಬಿ ತುಂಬುತ್ತಾ ತಲೆ ಅಲ್ಲಾಡಿಸಿದರು. ‘ಆಗೋ ಮಾತಲ್ಲ. ಆಯಮ್ಮನ ಕಾಲು ಮೊದಲೇ ಏಳ್ತೈತೆ. ಅದು ಹುಟ್ಟುಗುಣ.’

ಆ ದಿನ ಗ್ಯಾಲರಿಯಲ್ಲಿ ಕೂರಲಾಗದೆ ನಾನು ಕಂಬಿ ಹಿಡಿದು ನಿಂತಿದ್ದೆ. ಗೆರೆಯ ಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಪೊಲೀಸಿನವರು, ಮೊಮ್ಮಗುವನ್ನು ಗಂಡನ ಕೈಗೆ ಕೊಟ್ಟು ಬಂದವರು, ಎಲ್ಲರೂ ನಗುತ್ತಾ ನಿಂತಿದ್ದರು. ಮೇಡಂ ಒಬ್ಬರೇ ನಗುತ್ತಿರಲಿಲ್ಲ. ಹಳೆಯ ಸ್ಪೈಕ್ಸ್ ಬೂಟಿನ ಲೇಸು ಬಿಗಿದು, ಗೆರೆಯ ತುದಿಯಲ್ಲಿ ನಿಂತಿದ್ದ ಮಾವನ ಹತ್ತಿರ ಹೋದರು.

‘ಅಣ್ಣಾ, ಇವತ್ತು ಯಾರಿಗೋಸ್ಕರನೂ ಅಲ್ಲ. ನೆಟ್ಟಗೆ ನೋಡ್ಕೊ. ಆಮೇಲೆ ಕಥೆ ಕಟ್ಟಬ್ಯಾಡ.’

‘ಆತು ಬಿಡವ್ವ’ ಎಂದರು ಮಾವ, ಮುಖ ತಗ್ಗಿಸಿ.

ಓಟಗಾರರೆಲ್ಲ ಬಗ್ಗಿದರು. ಓಟ ಬಿಡುವವರು ‘ಸೆಟ್’ ಎಂದರು. ಮೇಡಂ ಎದ್ದುಬಿಟ್ಟರು.

ಸದ್ದು ಬಂದದ್ದು ಆಮೇಲೆ. ಸೀಟಿ ಊದಿದರು. ಗ್ಯಾಲರಿಯಲ್ಲಿ ಯಾರೋ, ‘ತಂಗಿ ಮ್ಯಾಲೆ ಪ್ರೀತಿ ಇನ್ನೂ ಹೋಗಿಲ್ಲ ನೋಡ್ರಿ’ ಎಂದರು. ನಗು ಹರಡಿತು. ಅಧಿಕಾರಿ ಬಂದು ಮೇಡಂ ಕಡೆ ಬೆರಳು ತೋರಿಸಿ ಎಚ್ಚರಿಸಿದರು. ಇನ್ನೊಮ್ಮೆಯಾದರೆ ಹೊರಗೆ. ಮಾವ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಮೇಡಂ ಮೂವತ್ತು ಮೀಟರಿನ ತನಕ ಹೋಗಿಬಿಟ್ಟಿದ್ದರು, ಅಲ್ಲಿಂದ ನಿಧಾನ ನಡೆದು ಬಂದರು. ಅವರ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಬುದ್ಧಿವಂತರಾದವರು ಈ ಸಲ ಸುಮ್ಮನೆ ಸದ್ದಿಗೆ ಕಾದು, ಒಂದು ಗಳಿಗೆ ತಡವಾಗಿಯೇ ಏಳುತ್ತಾರೆ. ಸೋತರೂ ಹೊರಗೆ ಹಾಕುವುದಿಲ್ಲ. ಕಾಯಿರಿ ಮೇಡಂ, ಕಾಯಿರಿ ಎಂದು ಒಳಗೇ ಬೇಡಿಕೊಂಡೆ. ಅವರು ಬಗ್ಗಿದರು. ಬೆರಳುಗಳನ್ನು ಗೆರೆಯ ಹಿಂದೆ ಒಂದೊಂದಾಗಿ ಊರಿದರು. ‘ಸೆಟ್.’ ಸೊಂಟ ಮೇಲೆದ್ದು ನಿಂತಿತು. ಎಷ್ಟು ಹೊತ್ತು ಹಾಗೆ ನಿಲ್ಲಿಸಿದರೋ... ಸದ್ದಾಯಿತು. ಮೇಡಂ ಕಾದಿರಲಿಲ್ಲ, ಮುಂಚೆಯೂ ಎದ್ದಿರಲಿಲ್ಲ. ಸದ್ದು, ಅವರು ಎರಡೂ ಒಟ್ಟಿಗೇ ಹೊರಟಂತೆ ಕಂಡಿತು. ಮೂವತ್ತು ಮೀಟರಿಗೆ ಎಲ್ಲರೂ ಹಿಂದೆ. ಅರವತ್ತಕ್ಕೆ ಪೊಲೀಸಿನ ಉದ್ದನೆಯ ಹೆಂಗಸು ಹತ್ತಿರ ಬಂದರು. ಎಂಬತ್ತಕ್ಕೆ ಭುಜಕ್ಕೆ ಭುಜ. ಮೇಡಂ ಕಾಲು ಸೋಲುತ್ತಿರುವುದು ನನಗೆ ದೂರದಿಂದಲೇ ಕಾಣುತ್ತಿತ್ತು. ಗೆರೆಯ ಹತ್ತಿರ ಅವರು ಓಡಿದರು ಅನ್ನುವುದಕ್ಕಿಂತ ಬಿದ್ದರು ಎನ್ನಬೇಕು. ಎದೆ ಮುಂದೆ ಚಾಚಿ, ಮೊಣಕಾಲು ಮಣ್ಣಿಗೆ ಉಜ್ಜಿ... ಮೊದಲು ದಾಟಿದ್ದು ಅವರೇ.

ನಾನು ಕಿರುಚಿದ್ದಕ್ಕೆ ಗಂಟಲು ಕಟ್ಟಿ ಮರುದಿನ ಪಾಠ ಒಪ್ಪಿಸಲು ಆಗಲಿಲ್ಲ.

ಸಂಜೆ ಬಹುಮಾನ ವಿತರಣೆ. ಮೇಡಂ ಮುಖ ತೊಳೆದು, ಕೂದಲು ಬಾಚಿ, ಮೊಣಕಾಲಿನ ಪಟ್ಟಿ ಕಾಣದ ಹಾಗೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತರು. ಸರ್ಟಿಫಿಕೇಟುಗಳ ಮೇಲೆ ಹೆಸರು ಬರೆಸಿದ್ದು ಸಂಘದ ಕಾರ್ಯದರ್ಶಿ. ಸನ್ಮಾನದ ಸಾಮಾನಿನ ಅಂಗಡಿ ಇಟ್ಟವರು ಇವರೇ. ಎಷ್ಟೋ ವರ್ಷಗಳಿಂದ ಮೇಡಂ ಮುಖ ನೋಡಿದಾಗಲೆಲ್ಲ ಅವರು ಶೀಲ್ಡಿನ ಮೇಲೆ ಕೆತ್ತಿಸಿದ್ದು ಒಂದೇ ಹೆಸರು. ಕೈ, ಬಾಯಿ ಎರಡಕ್ಕೂ ಅದೇ ಅಭ್ಯಾಸ. ಮೈಕಿನಲ್ಲಿ ಕೂಗಿದರು. ತಂಗಿಯ ಹೆಸರು.

ಮೇಡಂ ಏಳಲಿಲ್ಲ. ‘ಬರ್ರಿ ಮೇಡಂ, ನಿಮ್ಮನ್ನೇ’ ಎಂದು ಕೈ ಮಾಡಿದರು. ಆಗ ಮೇಡಂ ಎದ್ದು ಮೆಟ್ಟಿಲು ಹತ್ತಿದರು. ಅತಿಥಿಗಳು ಶಾಲು ಹೊದಿಸಿ, ಸರ್ಟಿಫಿಕೇಟು ಚಾಚಿದರು. ಮೇಡಂ ಅದರ ಮೇಲಿನ ಹೆಸರು ಓದಿ, ಕೈ ಹಿಂದಕ್ಕೆ ತೆಗೆದುಕೊಂಡರು.

‘ಇದು ನಂದಲ್ಲ ಸಾರ್. ಆಕಿ ಇವತ್ತು ಓಡಿಲ್ಲ.’

ಮೈಕ್ ಆನ್ ಇತ್ತು. ಎಲ್ಲರಿಗೂ ಕೇಳಿಸಿತು. ಕಾರ್ಯದರ್ಶಿ ಹಲ್ಲು ಕಿರಿಯುತ್ತಾ ಓಡಿ ಬಂದರು. ‘ಅಯ್ಯೋ, ಅಭ್ಯಾಸ ಬಲದಾಗೆ ಆಗೇತಿ ಮೇಡಂ. ಹೆಸರು ಯಾರದಾದ್ರೇನು, ಮನೆ ಒಂದೇ ಅಲ್ಲೇನ್ರಿ? ಈಗ ಇಸ್ಕೊಳ್ರಿ, ಫೋಟೊಕ್ಕೆ. ಆಮೇಲೆ ತಿದ್ದಿ ಕಳಿಸ್ತೀವಿ.’

ಮೇಡಂ ಶಾಲು ತೆಗೆದು, ಮಡಚಿ, ಕುರ್ಚಿಯ ಮೇಲೆ ಇಟ್ಟು ಕೆಳಗಿಳಿದರು.

ಹರಿಹರದ ಬಸ್ಸಿನಲ್ಲಿ ನಾನೇ ಅಳುತ್ತಿದ್ದೆ. ಅವರು ಕಿಟಕಿಯ ಆಚೆ ನೋಡುತ್ತಾ ಕೂತಿದ್ದವರು, ಊರು ಹತ್ತಿರ ಬಂದಾಗ ತಿರುಗಿ ಕೇಳಿದರು. ‘ಅದು ಬಿಡು. ಎರಡನೇ ಸಲ ಎದ್ದಿದ್ದು ನೋಡಿದ್ಯಾ?’

‘ನೋಡಿದೆ ಮೇಡಂ.’

‘ಹೆಂಗಿತ್ತು?’

‘ಸರಿಯಾಗಿ ಇತ್ತು ಮೇಡಂ. ಸರಿಯಾಗಿ.’

ತಲೆ ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದರು.

ತಿದ್ದಿದ ಸರ್ಟಿಫಿಕೇಟು ಬರಲಿಲ್ಲ. ದಾವಣಗೆರೆಯಲ್ಲೇ ಓದುತ್ತಿದ್ದುದರಿಂದ ನಾನು ಆ ಅಂಗಡಿಗೆ ಅಲೆದೆ. ಒಂದು ಸಲ, ಸಹಿ ಮಾಡಿದ ಅತಿಥಿಗಳು ಊರಲ್ಲಿಲ್ಲ. ಇನ್ನೊಂದು ಸಲ, ಹಾಳೆ ಖಾಲಿಯಾಗಿವೆ. ಮತ್ತೊಂದು ಸಲ, ‘ನೀನ್ಯಾರವ್ವ ಕೇಳಾಕೆ? ಮನೆಯೋರನ್ನ ಕಳಿಸು.’ ಮೇಡಂ ತಾವಾಗಿ ಒಮ್ಮೆಯೂ ಕೇಳಲು ಹೋಗಲಿಲ್ಲ. ‘ಗೆದ್ದೋರು ಬೇಡಾಕೆ ಹೋಗಬಾರದು’ ಎಂದರು. ನನ್ನನ್ನು ಮಾತ್ರ ತಡೆಯಲಿಲ್ಲ. ಪ್ರತಿ ಸಲ ನಾನು ಹರಿಹರಕ್ಕೆ ಬಂದಾಗಲೂ ನನ್ನ ಕೈ ಕಡೆಗೆ ಒಂದು ನೋಟ ಹರಿಸುತ್ತಿದ್ದರು...

ಆಮೇಲಿನ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಡೆಂಗಿ ಎಂದರು. ದಾವಣಗೆರೆಯ ಆಸ್ಪತ್ರೆಗೆ ನಡೆದುಕೊಂಡೇ ಹೋದವರು ತಿರುಗಿ ಬರಲಿಲ್ಲ. ಮರುದಿನ ಪೇಪರಿನಲ್ಲಿ ಒಳಪುಟದ ಮೂಲೆಯಲ್ಲಿ ತಂಗಿಯ ಫೋಟೊ ಹಾಕಿ, ಅವರ ಹೆಸರು ಬರೆದು, ಅದರ ಮುಂದೆ ‘ಸೋದರಿ ವಿಯೋಗ’ ಎಂದು ಅಚ್ಚಾಗಿತ್ತು. ಸಾವೂ ತಂಗಿಯ ಹೆಸರಿಗೇ ಹೋಯಿತು. ಆ ಪೇಪರನ್ನು ನಾನು ಇಟ್ಟುಕೊಳ್ಳಲಿಲ್ಲ.

ಈಗ ನಾನು ಲೋಕಿಕೆರೆಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕಳೆದ ಭಾನುವಾರ ಮೇಡಂ ಅವರ ವರ್ಷದ ಪುಣ್ಯಸ್ಮರಣೆ ಇತ್ತು, ಹರಿಹರದ ಅವರ ಮನೆಗೆ ಹೋಗಿದ್ದೆ. ತಂಗಿ ಬಂದಿದ್ದರು. ಗೋಡೆಯ ಮೇಲೆ ನೋಡಿದ ಆ ಕಾಲು ಈಗ ಮೆಟ್ಟಿಲು ಇಳಿಯಲು ಕಂಬಿ ಹಿಡಿಯುತ್ತದೆ. ಊಟದ ಗದ್ದಲ ಮುಗಿದ ಮೇಲೆ ಅವರ ಪಕ್ಕ ಕೂತು ಹಿರಿಯರ ಕೂಟದ ಓಟವನ್ನು ಹೇಳಿದೆ. ಅವರಿಗೆ ಏನೂ ಗೊತ್ತಿರಲಿಲ್ಲ.

‘ಅಕ್ಕ ಓಡಿದ್ಲಾ?’ ಎಂದರು. ಆಮೇಲೆ ಕೇಳಿದರು. ‘ಎದ್ದಿದ್ದು ಹೆಂಗಿತ್ತು?’

ಅಕ್ಕ ಕೇಳಿದ್ದೂ ಇದನ್ನೇ. ಅಕ್ಕನಿಗೆ ಹೇಳಿದ ಉತ್ತರವನ್ನೇ ಹೇಳಿದೆ, ಸರಿಯಾಗಿ ಇತ್ತು.

‘ನಡಿ, ಆ ಅಂಗಡಿ ತೋರ್ಸು’ ಎಂದರು. ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ದಾವಣಗೆರೆಗೆ ಹೊರಟೆ.

ತಂಗಿಯನ್ನು ನೋಡಿದ್ದೇ ಕಾರ್ಯದರ್ಶಿ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ‘ಅಯ್ಯೋ, ನಮ್ಮ ಭಾಗ್ಯ! ಬರ್ರಿ, ಕೂಡ್ರಿ ಮೇಡಂ! ಏನು ತಗಂತೀರಿ, ಕಾಫಿನಾ, ಎಳನೀರಾ?’ ಎನ್ನುತ್ತಲೇ ಹೊಸ ಶಾಲಿನ ಕವರ್ ಹರಿದು ಕೊಡವಿದರು. ಮೊದಲಿಗೆ ಹೇಳಿದೆನಲ್ಲ, ಆ ವಾಸನೆ.

‘ಶಾಲು ಮಡಚ್ರಿ’ ಎಂದರು ತಂಗಿ, ಕೂರದೆ. ‘ನಮ್ಮಕ್ಕ ನಿಮ್ಮ ಕೂಟದಾಗೆ ಗೆದ್ದಾಳೆ. ಅದರ ಸರ್ಟಿಫಿಕೇಟ್ ಕೊಡ್ರಿ.’

ಕಾರ್ಯದರ್ಶಿ ಒಮ್ಮೆ ನನ್ನ ಕಡೆ ನೋಡಿ, ಡ್ರಾಯರ್ ಎಳೆದರು. ಒಳಗೆ ಆ ಕೂಟದ ಖಾಲಿ ಸರ್ಟಿಫಿಕೇಟುಗಳ ಕಟ್ಟೇ ಇತ್ತು, ಎಲ್ಲದರ ಕೆಳಗೂ ಅತಿಥಿಗಳ ಸಹಿ ಮೊದಲೇ ಬಿದ್ದಿತ್ತು. ನಾನು ಅಲೆದಷ್ಟು ದಿನವೂ ಅವು ಅಲ್ಲೇ ಇದ್ದವು. ತಂಗಿ ಒಂದೊಂದೇ ಅಕ್ಷರ ಹೇಳಿ ಅಕ್ಕನ ಹೆಸರು ಬರೆಸಿದರು. ಎಷ್ಟೋ ತಿಂಗಳು ಆಗದ ಕೆಲಸ, ಫ್ಯಾನಿನ ಗಾಳಿಗೆ ಶಾಯಿ ಆರುವಷ್ಟರಲ್ಲಿ ಮುಗಿಯಿತು.

ಕಾರ್ಯದರ್ಶಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು. ‘ಅಕ್ಕಾರ ಪರವಾಗಿ ತಾವು ಸ್ವೀಕರಿಸಿದಂಗೆ ಒಂದು ಫೋಟೊ...’

‘ಪರವಾಗಿ ಇಸ್ಕೊಳ್ಳೋದು ನಮ್ಮಕ್ಕನ ಕೆಲಸ ಇತ್ತು ರೀ. ಅದು ಆಕಿ ಜೊತೆಗೇ ಹೋತು’ ಎಂದರು ತಂಗಿ. ‘ಈ ಹುಡುಗಿ ಕೈಗೆ ಕೊಡ್ರಿ. ಅಲೆದೋಳು ಈಕಿ.’

ಹೊರಗೆ ಬಂದು ಸ್ಕೂಟಿ ಹತ್ತಿರ ನಿಂತಾಗ, ‘ಇದೂ ನನ್ನ ಮುಖ ನೋಡೇ ಕೊಟ್ಟ, ಅಲ್ಲೇನವ್ವ?’ ಎಂದರು. ನಾನು ಇಲ್ಲ ಎನ್ನಲಿಲ್ಲ. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಅವರೇ ಮತ್ತೆ, ‘ನಿಮ್ಮ ಶಾಲ್ಯಾಗೆ ಹುಡುಗೇರು ಓಡ್ತಾರಲ್ಲ, ಅವರಿಗೆ ಕಾಣಂಗೆ ಹಾಕು. ನಮ್ಮ ಮನೆ ಗೋಡೆ ತುಂಬ ನನ್ನವೇ ಅದಾವೆ’ ಎಂದರು.

ಅವರನ್ನು ಹರಿಹರಕ್ಕೆ ಬಿಟ್ಟು ಗುತ್ತೂರಿಗೆ ಬಂದೆ. ಮಾವ ನಿವೃತ್ತರಾಗಿ ಈಗ ನಮ್ಮ ಮನೆಯಲ್ಲೇ ಇದ್ದಾರೆ. ಕಟ್ಟೆಯ ಮೇಲೆ ಕೂತಿದ್ದರು. ಅವತ್ತು ಹೊದ್ದು ಹೋಗಿದ್ದ ಮೇಡಂ ಕೊಟ್ಟ ಹಸಿರು ಶಾಲಿನಲ್ಲಿ ಸುತ್ತಿದ್ದ ಸರ್ಟಿಫಿಕೇಟನ್ನು ತೆಗೆದು, ‘ಆಗೋ ಮಾತಲ್ಲ ಅಂದಿದ್ರಲ್ಲ ಮಾವ, ನೋಡ್ರಿ’ ಎಂದೆ. ಜಂಬದಿಂದಲೇ ಅಂದೆ.

ಮಾವ ಎದ್ದು ಹೋಗಿ ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಬಂದರು. ಎರಡೂ ಕೈ ಚಾಚಿದರು, ಕೊಟ್ಟೆ. ಅವರ ಓದು ನಾಲ್ಕನೇ ಕ್ಲಾಸು. ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಮೇಡಂ ಹೆಸರನ್ನು ಗಟ್ಟಿಯಾಗಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಹಾಳೆ ತಗ್ಗಿಸಿ, ನನ್ನನ್ನು ನೋಡದೆ ಹೇಳಿದರು.

‘ಇಷ್ಟು ವರ್ಷ ಆಯಮ್ಮ ಓಡೋ ಗೆರೆ ಹಾಕೀನಿ... ಆಯಮ್ಮನ ಹೆಸರು ಇದು ಅಂತ ಇವತ್ತು ಗೊತ್ತಾತು ನೋಡವ್ವ.’